ನಿಮ್ಮ ಊರು ಪಟ್ಟಣವೇ, ನಗರವೇ? ನಿರ್ಧರಿಸುವ ಬಗೆ

ಶಾಲೆಯೊಂದರ ಸ್ಮರಣ ಸಂಚಿಕೆಯ ಕರಡನ್ನು ತಿದ್ದಲು ಕುಳಿತಾಗ, ಮೊದಲ ಲೇಖನದಲ್ಲಿ ‘ನಮ್ಮ ಪಟ್ಟಣ’ ಎಂದಿದ್ದ ಊರು ಎರಡನೆಯದರಲ್ಲಿ ‘ನಮ್ಮ ನಗರ’ವಾಗಿ, ಕೊನೆಯ ಪುಟದ ಜಾಹೀರಾತಿನಲ್ಲಿ ‘ಸಿಟಿ’ಯಾಗಿ ಕಾಣಿಸಿತು. ಬರೆದ ಮೂವರೂ ಅಲ್ಲಿಯೇ ಹುಟ್ಟಿ ಬೆಳೆದವರು, ಮೂವರಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಆಡಳಿತ ಒಂದು ಬಗೆಯಲ್ಲಿ, ಜನಗಣತಿ ಇನ್ನೊಂದು ಬಗೆಯಲ್ಲಿ, ಜನರ ಮಾತು ಮತ್ತೊಂದು ಬಗೆಯಲ್ಲಿ ಊರುಗಳನ್ನು ವಿಂಗಡಿಸುವುದರಿಂದ, ಯಾವ ಲೆಕ್ಕದಲ್ಲಿ ಬರೆಯುತ್ತಿದ್ದೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ಪದವನ್ನು ಆರಿಸಬಾರದು.

ಸ್ಥಳೀಯ ಸಂಸ್ಥೆ ಯಾವುದೆಂದು ತಿಳಿದುಕೊಳ್ಳುವುದು ಮೊದಲ ಕೆಲಸ. ಇದಕ್ಕೆ ಕಚೇರಿಗೆ ಅಲೆಯಬೇಕಿಲ್ಲ, ಮನೆಯಲ್ಲಿರುವ ಆಸ್ತಿ ತೆರಿಗೆ ರಸೀದಿಯನ್ನೋ ಖಾತೆಯ ಪ್ರತಿಯನ್ನೋ ಕೈಗೆತ್ತಿಕೊಂಡರೆ ಸಾಕು. ಊರು ಗ್ರಾಮ ಪಂಚಾಯಿತಿಗೋ ಮಹಾನಗರ ಪಾಲಿಕೆಗೋ ಸೇರಿರದಿದ್ದರೆ, ತಲೆಬರಹದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. ತಲೆಬರಹ ಮಾಸಿಹೋಗಿದ್ದರೆ ಸಹಿಯ ಕೆಳಗಿನ ಮೊಹರನ್ನು ನೋಡಿ: ಪಟ್ಟಣ ಪಂಚಾಯಿತಿ ಮತ್ತು ಪುರಸಭೆಗಳಲ್ಲಿ ‘ಮುಖ್ಯಾಧಿಕಾರಿ’ ಎಂದಿರುತ್ತದೆ, ನಗರಸಭೆಯಾದರೆ ‘ಪೌರಾಯುಕ್ತರು’ ಎಂದಿರುತ್ತದೆ. ಅಧ್ಯಕ್ಷರು ಈ ಮೂರರಲ್ಲಿಯೂ ಇರುವುದರಿಂದ ಆ ಪದವಿಯ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ಈ ಶ್ರೇಣಿಗಳನ್ನು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ನಿಗದಿಪಡಿಸಿದೆ. ಸ್ಥೂಲವಾಗಿ ಹೇಳುವುದಾದರೆ, 10 ಸಾವಿರದಿಂದ 20 ಸಾವಿರ ಜನರಿದ್ದಲ್ಲಿ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ. ಆದರೆ ಜನಸಂಖ್ಯೆಯೊಂದನ್ನೇ ನೋಡಿ ಶ್ರೇಣಿಯನ್ನು ಊಹಿಸಬೇಡಿ. ಜನಸಾಂದ್ರತೆ, ವರಮಾನ, ಕೃಷಿಯೇತರ ಉದ್ಯೋಗದಲ್ಲಿರುವವರ ಪ್ರಮಾಣ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ, ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳ ಮಾತೇ ಬೇರೆ. 2011ರ ಜನಗಣತಿಯಲ್ಲಿ ಸುಮಾರು 33 ಸಾವಿರ ಜನರಿದ್ದ ಮಡಿಕೇರಿ, ಜಿಲ್ಲಾ ಕೇಂದ್ರವಾಗಿ ಇಂದು ನಗರಸಭೆಯನ್ನು ಹೊಂದಿದೆ. ತಾಲ್ಲೂಕು ಕೇಂದ್ರವಾದ ಶೃಂಗೇರಿಯ ಜನಸಂಖ್ಯೆ 10 ಸಾವಿರಕ್ಕಿಂತ ತೀರ ಕೆಳಗಿದ್ದರೂ ಅಲ್ಲಿ ಪಟ್ಟಣ ಪಂಚಾಯಿತಿಯಿದೆ. ಕೊನೆಗೆ ನಿಲ್ಲುವುದು ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯೇ.

ಎರಡನೆಯದು ಜನಗಣತಿಯ ಲೆಕ್ಕ, ತೊಡಕು ಹೆಚ್ಚಾಗುವುದೂ ಇಲ್ಲಿಯೇ. ಜನಗಣತಿಯವರು ‘ನಗರ’ ಎನ್ನುವುದು 1 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರನ್ನು ಮಾತ್ರ, ಉಳಿದವೆಲ್ಲ ಅವರ ಪಾಲಿಗೆ ಪಟ್ಟಣಗಳೇ. ಹೀಗಾಗಿ 2011ರಲ್ಲಿ 60 ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಜನರಿದ್ದ ಶಿರಸಿಯಲ್ಲಿ ನಗರಸಭೆಯಿದ್ದರೂ ಜನಗಣತಿಯ ಪಟ್ಟಿಯಲ್ಲಿ ಅದು ಪಟ್ಟಣ. ಇನ್ನೂ ಒಂದು ವರ್ಗವಿದೆ: ಕನಿಷ್ಠ 5 ಸಾವಿರ ಜನಸಂಖ್ಯೆ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಜನರಿಗೆ ಕೃಷಿಯೇತರ ಕೆಲಸ, ಈ ಮೂರೂ ಇದ್ದರೆ ಗ್ರಾಮ ಪಂಚಾಯಿತಿಯ ಆಡಳಿತದಲ್ಲಿರುವ ಊರನ್ನೂ ಜನಗಣತಿ ಪಟ್ಟಣವೆಂದು ಎಣಿಸುತ್ತದೆ. ಆದ್ದರಿಂದ ಅಂಕಿಅಂಶಗಳನ್ನು ಉಲ್ಲೇಖಿಸುವಾಗ ‘ಜನಗಣತಿಯ ಪ್ರಕಾರ’ ಎಂಬ ಎರಡು ಪದಗಳನ್ನು ದಯವಿಟ್ಟು ಬಿಡಬೇಡಿ.

ಊರಿನ ಹೆಸರಿನಲ್ಲಿರುವ ಪದವನ್ನು ನೆಚ್ಚಲೇಬಾರದು. ಚನ್ನಪಟ್ಟಣದಲ್ಲಿರುವುದು ನಗರಸಭೆ, ಕೃಷ್ಣರಾಜನಗರದಲ್ಲಿರುವುದು ಪುರಸಭೆ. ಶಿವಮೊಗ್ಗ ಮಹಾನಗರ ಪಾಲಿಕೆಯಾಗಿ ವರ್ಷಗಳೇ ಕಳೆದಿದ್ದರೂ ಅಲ್ಲಿನ ಮುಖ್ಯ ರೈಲು ನಿಲ್ದಾಣದ ಫಲಕದಲ್ಲಿ ‘ಶಿವಮೊಗ್ಗ ಟೌನ್’ ಎಂದೇ ಇದೆ. ಹೆಸರು ಇಟ್ಟವರ ಕಾಲಕ್ಕೆ ಸೇರಿದ್ದು, ದರ್ಜೆ ಇಂದಿನ ಅಧಿಸೂಚನೆಗೆ ಸೇರಿದ್ದು.

ಇಷ್ಟನ್ನು ತಿಳಿದ ಮೇಲೆ ಬರೆಯುವುದು ಹೇಗೆ? ಆಡಳಿತದ ವಿಷಯವಿದ್ದಲ್ಲಿ ಸಂಸ್ಥೆಯ ಹೆಸರನ್ನೇ ಬರೆಯಿರಿ: ‘ಪುರಸಭೆಯು ನೀರಿನ ಕರ ಹೆಚ್ಚಿಸಿದೆ’ ಎಂದರೆ ಯಾರಿಗೂ ಸಂದೇಹ ಉಳಿಯುವುದಿಲ್ಲ. ಊರನ್ನು ವರ್ಣಿಸುವಾಗ, ಪಟ್ಟಣ ಪಂಚಾಯಿತಿ ಅಥವಾ ಪುರಸಭೆ ಇರುವ ಊರಿಗೆ ‘ಪಟ್ಟಣ’ ಎಂಬುದೇ ತಕ್ಕ ಪದ. ನಗರಸಭೆಯಿದ್ದು ಜನಸಂಖ್ಯೆ ಲಕ್ಷ ಮುಟ್ಟದ ಊರುಗಳಿಗೆ ಎರಡೂ ಪದಗಳು ಸಲ್ಲುತ್ತವೆಯಾದರೂ, ಒಂದನ್ನು ಆರಿಸಿಕೊಂಡು ಬರಹದ ಕೊನೆಯವರೆಗೂ ಅದನ್ನೇ ಪಾಲಿಸಬೇಕು. ನಾನಂತೂ ಅಲ್ಲಿಯೂ ‘ಪಟ್ಟಣ’ವನ್ನೇ ಆರಿಸುತ್ತೇನೆ, ಏಕೆಂದರೆ ಸುತ್ತಲಿನ ಹಳ್ಳಿಯವರು ಸಂತೆಗೋ ಆಸ್ಪತ್ರೆಗೋ ‘ಪೇಟೆಗೆ ಹೋಗಿ ಬರ್ತೀನಿ’ ಎಂದು ಹೊರಡುವ ಊರಿನ ಅಳತೆ ಆ ಪದದಲ್ಲಿ ಸರಿಯಾಗಿ ಸಿಗುತ್ತದೆ, ಅದರಲ್ಲಿ ಊರಿಗೆ ಯಾವ ಕುಂದೂ ಇಲ್ಲ. ಇಂಗ್ಲಿಷಿನಿಂದ ಅನುವಾದಿಸುವವರು ‘ಟೌನ್ ಮುನಿಸಿಪಲ್ ಕೌನ್ಸಿಲ್’ ಎಂದರೆ ಪುರಸಭೆ, ‘ಸಿಟಿ ಮುನಿಸಿಪಲ್ ಕೌನ್ಸಿಲ್’ ಎಂದರೆ ನಗರಸಭೆ ಎಂಬುದನ್ನು ನೆನಪಿನಲ್ಲಿಡಬೇಕು. ಎರಡಕ್ಕೂ ‘ನಗರಸಭೆ’ ಎಂದು ಬರೆದುಬಿಡುವ ರೂಢಿ ಓದುಗರನ್ನು ದಾರಿ ತಪ್ಪಿಸುತ್ತದೆ.

ಅಭಿಮಾನದಿಂದ ಊರಿನ ದರ್ಜೆಯನ್ನು ಏರಿಸಿ ಬರೆಯುವವರನ್ನು ಕಂಡಾಗ ನನಗೆ ಕಳವಳವಾಗುತ್ತದೆ. ದರ್ಜೆ ಬದಲಾದರೆ ಜನರ ಬದುಕೂ ಬದಲಾಗುತ್ತದೆ: ಗ್ರಾಮ ಪಂಚಾಯಿತಿಯು ಪಟ್ಟಣ ಪಂಚಾಯಿತಿಯಾದ ಕೂಡಲೇ ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಕೆಲಸ ಆ ಊರಿನವರ ಕೈತಪ್ಪುತ್ತದೆ, ಮನೆ ಕಟ್ಟುವ ಪರವಾನಗಿಯ ನಿಯಮಗಳೂ ಬೇರೆಯಾಗುತ್ತವೆ. ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆಗಳನ್ನು ಕೇಳುವ ಪದ್ಧತಿ ಇರುವುದು ಇದಕ್ಕಾಗಿಯೇ. ಕರಡು ಹೊರಟ ಮಾತ್ರಕ್ಕೆ ‘ನಗರಸಭೆಯಾಯಿತು’ ಎಂದು ಬರೆಯದೆ, ಅಂತಿಮ ಅಧಿಸೂಚನೆಯವರೆಗೆ ಕಾಯಿರಿ. ಹಳೆಯ ಸಂಗತಿಗಳನ್ನು ಹೇಳುವಾಗ ಆ ಕಾಲಕ್ಕಿದ್ದ ದರ್ಜೆಯನ್ನೇ ಇಟ್ಟುಕೊಂಡು, ‘ಆಗಿನ ಪುರಸಭೆ’ ಎಂದು ಇಸವಿಯ ಸಮೇತ ಬರೆಯಿರಿ.