ಸೂಲು ಸೂಲಿನ ನಡುವೆ ಕೆಚ್ಚಲು: ಹಾಲು ಬತ್ತಿಸುವಾಗ ನಾನು ಪಾಲಿಸುವ ಕ್ರಮ

ಮುಂದಿನ ಕರು ಹಾಕುವ ಮುನ್ನ ಕರೆಯುವುದನ್ನು ನಿಲ್ಲಿಸಿ ಹಾಲು ಬತ್ತಿಸಿದ ಮೇಲೆ ಹಸುವಿಗೆ ವಿಶ್ರಾಂತಿ ಎನ್ನುತ್ತಾರೆ. ಕೆಚ್ಚಲಿಗೆ ಮಾತ್ರ ಅದು ದುಡಿಮೆಯ ಕಾಲ. ಹಾಲು ಗರಿಷ್ಠಕ್ಕೇರಿ ಇಳಿಯತೊಡಗಲು ದೊಡ್ಡ ಕಾರಣ ಹಾಲು ಸ್ರವಿಸುವ ಕೋಶಗಳ ಸಂಖ್ಯೆ ಕುಗ್ಗುವುದು. ಸೂಲಿನ ಕೊನೆಗೆ ಉಳಿದವುಗಳಲ್ಲಿ ಹಳೆಯವೇ ಹೆಚ್ಚು. ಇವು ಕಳಚಿ ಹೊಸವು ಬರಬೇಕಾದರೆ ಕರೆಯುವುದು ನಿಲ್ಲಬೇಕು. ಇಲಿಗಳಲ್ಲಿ ಮರಿ ಮೊಲೆ ಬಿಟ್ಟ ಕೆಲ ದಿನಗಳಲ್ಲೇ ಈ ಕೋಶಗಳಿಂದಾದ ಹಾಲಿನ ಗೂಡುಗಳೇ ಕುಸಿದುಬೀಳುತ್ತವೆ. ಗಬ್ಬದ ಹಸುವಿನಲ್ಲಿ ಗೂಡುಗಳು ಕಿರಿದಾದರೂ ಬಹುಪಾಲು ಆಕಾರ ಉಳಿಸಿಕೊಂಡು, ಒಳಗಿನ ಕೋಶಗಳನ್ನಷ್ಟೇ ಬದಲಾಯಿಸಿಕೊಳ್ಳುತ್ತವೆ.

ಇದಕ್ಕಾಗಿ ನಾನು ಕರು ಹಾಕುವ ಮೊದಲು 60 ದಿನ ಬಿಡುತ್ತೇನೆ, ಅಂದರೆ ಗಬ್ಬದ ಸುಮಾರು 220ನೇ ದಿನಕ್ಕೆ ಬತ್ತಿಸುತ್ತೇನೆ. ಅವಳಿ ಇದ್ದರೆ ಕರು ಬೇಗ ಹಾಕುವುದರಿಂದ ಒಂದು ವಾರ ಮುಂಚೆಯೇ. 40 ದಿನಕ್ಕಿಂತ ಕಡಿಮೆಯಾದರೆ ಮುಂದಿನ ಸೂಲಿನಲ್ಲಿ ಹಾಲು ಇಳಿಯುತ್ತದೆ. ಮೊದಲ ಸೂಲು ಮುಗಿಸುತ್ತಿರುವ ಹಸುವಿಗೆ ಈ ಪೆಟ್ಟು ಹೆಚ್ಚು.

ಬತ್ತಿಸುವ ದಿನ ಹಾಲು 15 ಲೀಟರಿಗಿಂತ ಕೆಳಗಿರಬೇಕು. ಹೆಚ್ಚಿದ್ದರೆ ಒಂದು ವಾರ ಮೊದಲೇ ಪಶು ಆಹಾರ ತಗ್ಗಿಸಿ, ಒಣಮೇವು ಹೆಚ್ಚಿಸಿ, ದಿನಕ್ಕೆ ಒಂದೇ ಹೊತ್ತು ಕರೆಯುತ್ತೇನೆ. ನೀರು ಮಾತ್ರ ಕಡಿಮೆ ಮಾಡಬಾರದು. ಕೊನೆಯ ಸಲ ಪೂರ್ತಿ ಕರೆದ ಮೇಲೆ ಮತ್ತೆ ಕೈ ಹಾಕುವುದಿಲ್ಲ. ಎರಡು ಮೂರು ದಿನ ಕೆಚ್ಚಲು ಬಿಗಿಯುತ್ತದೆ, ಹಸು ಕೂಗುತ್ತದೆ. ನೋಡಲಾಗದೆ ಸ್ವಲ್ಪ ಕರೆದುಬಿಡುವವರೇ ಹೆಚ್ಚು. ಅಲ್ಲಿಗೆ ಕೆಲಸ ಮೊದಲಿನಿಂದ ಶುರು. ಒಳಗೆ ತುಂಬಿದ ಹಾಲಿನ ಒತ್ತಡದಿಂದಲೇ ಕೋಶಗಳ ನಡುವಿನ ಬಿಗಿ ಸಡಿಲವಾಗಿ ಲ್ಯಾಕ್ಟೋಸ್ ರಕ್ತಕ್ಕೆ ಸೋರುತ್ತದೆ, ಸೋಡಿಯಂ ಹಾಲಿಗೆ ಬರುತ್ತದೆ, ಸ್ರವಿಕೆ ನಿಲ್ಲುತ್ತದೆ.

ಕೆಚ್ಚಲುಬಾವು ಹೆಚ್ಚಾಗಿ ನುಗ್ಗುವುದು ಬತ್ತಿಸಿದ ಮೊದಲ ಎರಡು ವಾರಗಳಲ್ಲಿ. ಕಬ್ಬಿಣವನ್ನು ಹಿಡಿದಿಟ್ಟು ಬ್ಯಾಕ್ಟೀರಿಯಾಗಳನ್ನು ಸೊರಗಿಸುವ ಲ್ಯಾಕ್ಟೋಫೆರಿನ್ ಆಗಿನ್ನೂ ಏರುತ್ತಿರುತ್ತದೆ. ಹಾಲಿನಲ್ಲಿ ಉಳಿದ ಸಿಟ್ರೇಟ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ಬಿಳಿ ರಕ್ತಕಣಗಳು ಉಳಿದ ಕೊಬ್ಬು, ಕೇಸೀನ್ ಎಂಬ ಹಾಲಿನ ಪ್ರೋಟೀನು ನುಂಗುವುದರಲ್ಲೇ ಮುಳುಗಿರುತ್ತವೆ. ತೊಟ್ಟಿನ ತುದಿಯನ್ನು ಮುಚ್ಚುವ ಕೆರಾಟಿನ್ ಬಿರಡೆ ವಾರ ಕಳೆದರೂ ಎಷ್ಟೋ ತೊಟ್ಟುಗಳಲ್ಲಿ ಕೂಡಿರುವುದಿಲ್ಲ. ಬತ್ತಿಸುವಾಗ ಹಾಲು ಹೆಚ್ಚಿದ್ದಷ್ಟೂ ತಡ. ತುದಿ ಬಿರಿದ ತೊಟ್ಟುಗಳನ್ನು ಆರು ವಾರವಾದರೂ ನಂಬಲಾಗದು.

ಹಾಗಾಗಿ ನಾಲ್ಕೂ ತೊಟ್ಟಿಗೆ, ಒಳಗಿನಿಂದ ಬಿರಡೆಯಂತೆ ಮುಚ್ಚುವ ಬಿಸ್ಮತ್ ಸೀಲೆಂಟ್ ಹಾಕುತ್ತೇನೆ. ಆ್ಯಂಟಿಬಯೋಟಿಕ್ ಟ್ಯೂಬು ಸೋಂಕಿರುವ ಹಸುವಿಗೆ ಮಾತ್ರ, ಪಶುವೈದ್ಯರನ್ನು ಕೇಳಿಯೇ. ಪ್ರತಿ ತೊಟ್ಟಿಗೂ ಬೇರೆ ಸ್ಪಿರಿಟ್ ಹತ್ತಿ. ಹತ್ತಿಯಲ್ಲಿ ಕೊಳೆ ಕಾಣದವರೆಗೆ ತುದಿ ಉಜ್ಜಬೇಕು. ಒರೆಸುವಾಗ ದೂರದ ಎರಡು ತೊಟ್ಟು ಮೊದಲು, ಮದ್ದು ಹಾಕುವಾಗ ಹತ್ತಿರದವು ಮೊದಲು. ಇಲ್ಲವಾದರೆ ಒರೆಸಿದ ತೊಟ್ಟಿಗೆ ತೋಳು ತಾಗುತ್ತದೆ. ಟ್ಯೂಬಿನ ಮೂತಿಯನ್ನು 3–4 ಮಿಲಿಮೀಟರ್ ಒಳಗಿಟ್ಟರೆ ಸಾಕು, ಪೂರ್ತಿ ತೂರಿಸಿದರೆ ನಾಳ ಹಿಗ್ಗಿ ಕೆರಾಟಿನ್ ಹರಿಯುತ್ತದೆ. ಆ್ಯಂಟಿಬಯೋಟಿಕ್ಕನ್ನು ಮೇಲಕ್ಕೆ ತಿಕ್ಕಬೇಕು. ಸೀಲೆಂಟ್ ಹಾಕುವಾಗ ತೊಟ್ಟಿನ ಬುಡವನ್ನು ಬೆರಳಿನಿಂದ ಹಿಸುಕಿ ಹಿಡಿಯಬೇಕು, ಆಮೇಲೆ ತಿಕ್ಕಲೇಬಾರದು. ಕೊಳಕು ತೊಟ್ಟಿಗೆ ಸೀಲೆಂಟ್ ಒಂದನ್ನೇ ಹಾಕಿದರೆ ಕ್ರಿಮಿಯನ್ನು ಒಳಗೆ ಕೂಡಿಹಾಕಿದಂತೆ. ಅದರಿಂದ ಹಸುವೇ ಸತ್ತೀತು. ಕೊನೆಗೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ತೆಗೆದು, ಹಸುವನ್ನು ಅರ್ಧ ಗಂಟೆ ಮಲಗಗೊಡದೆ ನಿಲ್ಲಿಸುತ್ತೇನೆ.

ಮುಂದೆ ದಿನಾ ಹಿಂದೆ ನಿಂತು ಕಣ್ಣಲ್ಲೇ ನೋಡುವುದು. ಒಂದು ಭಾಗ ಮಾತ್ರ ಊದಿ, ಬಿಸಿಯಾಗಿ, ಹಸು ಮೇವು ಬಿಟ್ಟರೆ ಆ ತೊಟ್ಟು ಹಿಂಡಿ ನೋಡಿ ವೈದ್ಯರನ್ನು ಕರೆಸುತ್ತೇನೆ. ಸುಮ್ಮನೆ ಪರೀಕ್ಷೆಗೆಂದು ಹಿಂಡಿದರೆ ಬಿರಡೆ ಕಿತ್ತುಬರುತ್ತದೆ. ಹಾಲಿಗೆ ದ್ರಾವಣ ಬೆರೆಸಿ ಕೆಚ್ಚಲುಬಾವು ಪತ್ತೆ ಮಾಡುವ ಸಿಎಂಟಿ ಪರೀಕ್ಷೆಯೂ ಆಗ ವ್ಯರ್ಥ: ಬತ್ತಿದ ಕೆಚ್ಚಲಿನ ದ್ರವದಲ್ಲಿ ಬಿಳಿ ರಕ್ತಕಣಗಳು ಹೇಗೂ ಹೆಚ್ಚಿರುವುದರಿಂದ ಆರೋಗ್ಯವಿದ್ದರೂ ಲೋಳೆಗಟ್ಟುತ್ತದೆ.

ಬತ್ತಿದ ಹಸು ಹಾಲು ಕೊಡುವುದಿಲ್ಲವೆಂದು ಬಿಸಿಲಿಗೆ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೆಕೆಗೆ ಬೇಯುವ ಹಸುವಿನ ಕೆಚ್ಚಲಲ್ಲಿ ಕೋಶಗಳು ಬೆಳೆಯುವುದು ಕಡಿಮೆ. ಆ ನಷ್ಟ ಕರು ಹಾಕಿದ ಮೇಲೆ ಎಷ್ಟು ತಿನ್ನಿಸಿದರೂ ತುಂಬುವುದಿಲ್ಲ. ನೆರಳು, ಫ್ಯಾನು, ನೀರು ಕರೆಯುವ ಹಸುವಿಗೆ ಇದ್ದಷ್ಟೇ ಇರಬೇಕು. ರಾತ್ರಿ ದೀಪ ಆರಿಸಿದರೂ ಒಳ್ಳೆಯದೇ. ದಿನಕ್ಕೆ 8 ಗಂಟೆ ಬೆಳಕು, 16 ಗಂಟೆ ಕತ್ತಲಿನಲ್ಲಿ ಕಳೆದ ಹಸುಗಳು ಮುಂದಿನ ಸೂಲಿನಲ್ಲಿ ಹೆಚ್ಚು ಹಾಲು ಕೊಡುತ್ತವೆ.

ಕೊನೆಯ ಮೂರು ವಾರಗಳಲ್ಲಿ ಗೂಡುಗಳು ಮತ್ತೆ ತುಂಬುತ್ತವೆ, ರಕ್ತದಿಂದ ಪ್ರತಿಕಾಯಗಳು ಗಿಣ್ಣುಹಾಲಿಗೆ ಇಳಿಯುತ್ತವೆ. ಕೆಚ್ಚಲಿಗೆ ನೀರು ತುಂಬಿ ಊದುವ ಹಸುಗಳಿಗೆ ಉಪ್ಪು ತಗ್ಗಿಸುತ್ತೇನೆ. ಕರು ಹಾಕುವ ಮೊದಲೇ ಹಾಲು ಸೋರತೊಡಗಿದರೆ ಬಿರಡೆ ಹೋಗಿದೆಯೆಂದೇ ಅರ್ಥ: ನೆಲ ಒಣಗಿರಬೇಕು, ತೊಟ್ಟು ಅದ್ದುವುದು ಮತ್ತೆ ಶುರು. ಸೋರಿದ ಹಸುವಿನ ಗಿಣ್ಣು ಬಲಹೀನವಾಗಿರುವುದರಿಂದ ಕರುವಿಗೆ ಬೇರೆ ಹಸುವಿನದನ್ನು ಫ್ರೀಜರಿನಲ್ಲಿ ಇಟ್ಟಿರುತ್ತೇನೆ.

ಕರು ಹಾಕುವ ಹೊತ್ತಿಗೆ ಸೀಲೆಂಟ್ ತೊಟ್ಟಿನೊಳಗೇ ಇರುತ್ತದೆ. ಮೊದಲ ಕರಾವಿನಲ್ಲಿ ಕೈಯಿಂದ ಹತ್ತಾರು ಸಲ ಹಿಂಡಿ ತೆಗೆಯಬೇಕು. ಬಿಳಿ ಚೂರುಗಳನ್ನು ಬಾವಿನ ಗೆಡ್ಡೆಯೆಂದು ತಿಳಿದು ಮದ್ದು ಹಾಕುವವರಿದ್ದಾರೆ. ನಾಲ್ಕೈದು ದಿನ ಕಳೆದು ಸಿಎಂಟಿ ಮಾಡಿ, ಬತ್ತಿಸಿದ ದಿನದ ಫಲಿತಾಂಶದ ಪಕ್ಕ ಬರೆದಿಡುತ್ತೇನೆ. ಅಂದು ಶುದ್ಧವಿದ್ದ ತೊಟ್ಟಿನಲ್ಲಿ ಇಂದು ಲೋಳೆ ಬಂದರೆ ಸೋಂಕು ನಡುವೆ ಹತ್ತಿದ್ದು, ಕೊಟ್ಟಿಗೆಯ ನೆಲ ಮತ್ತು ಸೀಲೆಂಟ್ ಹಾಕಿದ ಕೈಯನ್ನು ಅನುಮಾನಿಸಬೇಕು. ಎರಡೂ ಸಲ ಬಂದಿದ್ದರೆ ಬಹುಶಃ ಹಳೆಯದೇ ವಾಸಿಯಾಗಿಲ್ಲ.