ಅಪ್ಪನ ಮದ್ದಳೆ, ತಂಗಿಯ ತಾಳ: ನಮ್ಮ ಮನೆಯ ರಾಕ್ ಬ್ಯಾಂಡ್

ಯಕ್ಷಗಾನದ ಮದ್ದಳೆಯನ್ನೂ ರಾಕ್ ಸಂಗೀತದ ಡ್ರಮ್ ಸೆಟ್ಟನ್ನೂ ಒಂದೇ ವೇದಿಕೆಗೆ ಹತ್ತಿಸಬೇಡಿ ಎಂದು ನಮಗೆ ಹೇಳದವರೇ ಇಲ್ಲ. ಶಿವಮೊಗ್ಗದಲ್ಲಿ ಆರ್ಕೆಸ್ಟ್ರಾ ನಡೆಸುವವರು ಹೇಳಿದರು, ಮೇಳದಲ್ಲಿ ತಲೆ ನರೆತವರು ಹೇಳಿದರು, ಮೈಕ್ ಸೆಟ್ ಬಾಡಿಗೆಗೆ ಕೊಡುವವರೂ ಹೇಳಿದರು. ನೆಂಟರ ಅನುಮಾನ ಬೇರೆ. ಅಪ್ಪ ಮಕ್ಕಳು ಸೇರಿ ಕಟ್ಟಿದ ತಂಡ ಎರಡು ಮಳೆಗಾಲ ದಾಟುವುದಿಲ್ಲ ಎಂಬುದು ಅವರ ಲೆಕ್ಕ. ಈಗ ಏಳೆಂಟು ಮಳೆಗಾಲ ದಾಟಿವೆ. ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಎಲ್ಲ ಸುತ್ತಿ ಬಂದೆವು. ದಿನ ಹೊಂದದೆ ಕೈಬಿಟ್ಟ ಕಾರ್ಯಕ್ರಮಗಳೇ ಒಪ್ಪಿಕೊಂಡವುಗಳಷ್ಟು ಇದ್ದವು.

ನಾನು ಗಿಟಾರ್, ತಮ್ಮ ಡ್ರಮ್ಸ್, ತಂಗಿ ಹಾಡು ಮತ್ತು ಬೇಸ್ ಗಿಟಾರ್, ಅಪ್ಪ ಮದ್ದಳೆ. ಅಪ್ಪ ಬಡಗುತಿಟ್ಟಿನ ಯಕ್ಷಗಾನದಲ್ಲಿ, ಹಾಡು ಮತ್ತು ವಾದ್ಯದವರ ಹವ್ಯಾಸಿ ಹಿಮ್ಮೇಳದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕುಳಿತವರು. ಜೀವನಕ್ಕೆ ಅಡಿಕೆ ತೋಟ. ಶರೀಫರ ತತ್ವಪದ, ದಾಸರ ಪದ, ವಚನ, ಜೊತೆಗೆ ನಾವೇ ಕಟ್ಟಿದ ಹತ್ತಾರು ಹಾಡುಗಳು, ಇಷ್ಟು ನಮ್ಮ ಸರಕು.

ಮೊದಲ ಎರಡು ವರ್ಷ ಎಲ್ಲರಂತೆ ಕ್ಲಿಕ್, ಅಂದರೆ ಲಯ ಎಣಿಸುವ ಯಂತ್ರದ ಟಕ್ ಟಕ್, ಹಾಕಿಕೊಂಡು ನುಡಿಸಿದೆವು. ತಮ್ಮನ ಕಿವಿಯಲ್ಲಿ ಕ್ಲಿಕ್, ತಮ್ಮನ ಹಿಂದೆ ನಾವು. ಅಪ್ಪನ ಕೈ ಮಾತ್ರ ಅದಕ್ಕೆ ಒಗ್ಗಲಿಲ್ಲ. ಮದ್ದಳೆಗಾರ ನೋಡುವುದು ಹಾಡುವವರ ಉಸಿರನ್ನು. ಸಾಲಿನ ಕೊನೆಯ ಅಕ್ಷರವನ್ನು ತಂಗಿ ಸ್ವಲ್ಪ ಎಳೆದರೆ ಅಪ್ಪ ಕಾಯುತ್ತಾರೆ, ಕ್ಲಿಕ್ ಕಾಯುವುದಿಲ್ಲ. ಎರಡನೆಯ ಚರಣದ ಹೊತ್ತಿಗೆ ಮದ್ದಳೆ ಒಂದು ಕಡೆ, ಡ್ರಮ್ಸ್ ಇನ್ನೊಂದು ಕಡೆ. ಅಪ್ಪನ ಕಿವಿಗೂ ಕ್ಲಿಕ್ ಕೊಟ್ಟು ನೋಡಿದೆವು. ಹಾಡು ಕೇಳಿಸುತ್ತಿಲ್ಲ ಎಂದು ಮೂರನೆಯ ಹಾಡಿಗೇ ಅದನ್ನು ತೆಗೆದಿಟ್ಟರು. ಕ್ಲಿಕ್ ಬಿಟ್ಟು ತಮ್ಮನನ್ನೇ ಮುಂದಾಳು ಮಾಡಿದಾಗ ಅಪ್ಪನ ಬಿಡ್ತಿಗೆಗಳೆಲ್ಲ, ಅಂದರೆ ಹಾಡಿನ ಸಾಲುಗಳ ನಡುವೆ ನುಡಿಸುವ ಮದ್ದಳೆಯ ಕಟ್ಟುಗಳೆಲ್ಲ, ಸತ್ತವು. ಅವರನ್ನು ಜೊತೆಗೆ ಕೂರಿಸಿಕೊಂಡ ಅರ್ಥವೇ ಉಳಿಯಲಿಲ್ಲ. ಅಪ್ಪನನ್ನು ಮುಂದಾಳು ಮಾಡಿದ್ದು ಅದಕ್ಕಿಂತ ಕಷ್ಟವಾಯಿತು. ಮನೆಯಲ್ಲೂ ಅವರದೇ ಮಾತು, ವೇದಿಕೆಯಲ್ಲೂ ಅವರದೇ ಮಾತು ಎಂದಾಗ ತಾಲೀಮಿನ ಜಗಳ ಊಟದ ಎಲೆಯವರೆಗೂ ಬರುತ್ತಿತ್ತು. ಆ ವರ್ಷ ತಮ್ಮ ಒಂದಿಡೀ ಬೇಸಿಗೆ ಕೋಲು ಮುಟ್ಟಲಿಲ್ಲ.

ದಾರಿ ಸಿಕ್ಕಿದ್ದು ಹಿಮ್ಮೇಳದ ಕಟ್ಟಳೆಯಲ್ಲಿ. ಆಟದಲ್ಲಿ, ಅಂದರೆ ಯಕ್ಷಗಾನದಲ್ಲಿ, ತಾಳ ಹಿಡಿದು ಹಾಡುವ ಭಾಗವತನೇ ಮೊದಲ ವೇಷ. ಅವನ ವಯಸ್ಸು ಇಪ್ಪತ್ತೈದಿರಲಿ, ಮದ್ದಳೆಗಾರನ ವಯಸ್ಸು ಅರವತ್ತಿರಲಿ, ತಾಳ ಯಾರ ಕೈಯಲ್ಲಿದೆಯೋ ಅವರ ಮಾತೇ ಮಾತು. ಅಪ್ಪ ತಮಗಿಂತ ಎಷ್ಟೋ ಚಿಕ್ಕವರಾದ ಭಾಗವತರ ಪಕ್ಕದಲ್ಲಿ ಕುಳಿತು ಒಂದು ಸೊಲ್ಲೆತ್ತದೆ ಅನುಸರಿಸಿದವರು. ಹಾಗಿದ್ದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ ತಂಗಿಯೇ ಭಾಗವತಿಕೆ ಮಾಡಲಿ ಎಂದು ನಾನು ಹೇಳಿದೆ. ಮೊದಲು ಒಪ್ಪಿದವರು ಅಪ್ಪನೇ. ಒಪ್ಪಲು ತಡ ಮಾಡಿದವರು ಹೊರಗಿನವರು: ಹುಡುಗಿ ಸನ್ನೆ ಮಾಡುವುದು, ಅಪ್ಪ ನುಡಿಸುವುದು ಚೆನ್ನಾಗಿ ಕಾಣುವುದಿಲ್ಲವಂತೆ. ನಮಗೆ ಅದರಿಂದ ಏನೂ ಆಗಲಿಲ್ಲ.

ಬೇಸ್ ಗಿಟಾರ್ ನಮ್ಮಲ್ಲಿ ಭಾಗವತರ ತಾಳದ ಕೆಲಸ ಮಾಡುತ್ತದೆ. ತ್ರಿಪುಡೆ ತಾಳದ ಹಾಡಾದರೆ ಏಳು ಅಕ್ಷರವನ್ನು ಮೂರು, ಎರಡು, ಎರಡಾಗಿ ಒಡೆದು ಆ ಮೂರು ಪೆಟ್ಟುಗಳಲ್ಲಿ ಮಾತ್ರ ತಂಗಿ ದಪ್ಪ ತಂತಿ ಮೀಟುತ್ತಾಳೆ. ಹಾಡುತ್ತಾ ಬೇಸ್ ನುಡಿಸುವುದು ಕಷ್ಟ ಎನ್ನುವವರು ಹೀಗೆ ಮಾಡಿ ನೋಡಬೇಕು. ಬಾಲ್ಯದಿಂದ ತೊಡೆಯ ಮೇಲೆ ತಾಳ ಹಾಕಿ ಹಾಡಿದವರಿಗೆ ಇದು ಹೊಸ ಕೆಲಸವಲ್ಲ. ಏಳರ ಲೆಕ್ಕದಲ್ಲಿ ರಾಕ್ ನುಡಿಸಲು ನಗರದ ಹುಡುಗರು ತಿಂಗಳುಗಟ್ಟಲೆ ಎಣಿಸುವುದನ್ನು ನೋಡಿದ್ದೇನೆ. ನಮ್ಮ ಅಪ್ಪನಿಗೆ ಅದನ್ನು ಎಣಿಸಬೇಕಾದ ಪ್ರಸಂಗವೇ ಬಂದಿಲ್ಲ.

ತಮ್ಮ ಬಿಟ್ಟುಕೊಟ್ಟದ್ದು ಹೆಚ್ಚು, ಅದನ್ನು ಇಲ್ಲಿ ಹೇಳಲೇಬೇಕು. ಹೈ-ಹ್ಯಾಟ್‌ನ ಜೋಡಿ ತಟ್ಟೆಯ ಮೇಲೆ ಒಂದೇ ಸಮನೆ ಓಡುವ ಪೆಟ್ಟುಗಳು ಹೋದವು. ಆ ಜಾಗ ಮದ್ದಳೆಯ ಬಲದ ಬೆರಳುಗಳದ್ದು. ಕಾಲಿನಿಂದ ನುಡಿಸುವ ದೊಡ್ಡ ಡ್ರಮ್ ಕಿಕ್, ತಾಳದ ಒಂದು ಸುತ್ತಿಗೆ ಒಂದೋ ಎರಡೋ ಪೆಟ್ಟು. ಕ್ರ್ಯಾಶ್ ಎಂಬ ದೊಡ್ಡ ತಟ್ಟೆ ಹಾಡಿಗೆ ಒಂದು ಸಲ, ಅದೂ ಬಿಡ್ತಿಗೆ ಮುಗಿಸಿ ಎಲ್ಲರೂ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದು ನಿಂತಾಗ. ಆ ಒಂದು ಪೆಟ್ಟಿಗೆ ಈಗ ಜನ ಎದ್ದು ನಿಲ್ಲುತ್ತಾರೆ. ಸ್ನೇರ್ ಎಂಬ ಸಣ್ಣ ಡ್ರಮ್ಮಿನ ಉಳಿನಾದ ಮದ್ದಳೆಯನ್ನು ಕೆಡಿಸುತ್ತಿತ್ತು. ಅದನ್ನು ತಗ್ಗಿಸುವ ಅಂಗಡಿಯ ಪ್ಲಾಸ್ಟಿಕ್ ಬಳೆಗಳಿಗೆ ಐದುನೂರು, ಆರುನೂರು ಕೊಟ್ಟ ಮೇಲೆ ಒಂದು ದಿನ ತಮ್ಮ ಅಡಿಕೆ ಹಾಳೆಯನ್ನು ಬಳೆಯಂತೆ ಕತ್ತರಿಸಿ ಸ್ನೇರ್ ಮೇಲಿಟ್ಟ. ಅದಕ್ಕಿಂತ ಒಳ್ಳೆಯದು ನಮಗೆ ಇನ್ನೂ ಸಿಕ್ಕಿಲ್ಲ. ಒಣಗಿ ಮುರುಟಿದರೆ ಇನ್ನೊಂದು ಹಾಳೆ. ತೋಟದಲ್ಲಿ ಅದಕ್ಕೇನು ಬರ.

ಶ್ರುತಿಯ ವಿಷಯ. ಮದ್ದಳೆಯನ್ನು ಹಾಡಿಗೊಂದು ಶ್ರುತಿಗೆ ಬಿಗಿಯುತ್ತಾ ಕೂರಲಾಗದು. ಹಾಗಾದರೆ ರಾತ್ರಿಯಿಡೀ ಒಂದೇ ಶ್ರುತಿಯೇ, ಬೇಸರ ಬರುವುದಿಲ್ಲವೇ ಎಂದು ಬೆಂಗಳೂರಿನ ಗಿಟಾರ್ ಗೆಳೆಯರು ಕೇಳಿದ್ದರು. ತಂಗಿಯ ಶ್ರುತಿ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಮದ್ದಳೆಯೂ ಅದೇ ಶ್ರುತಿಗೆ. ಗಿಟಾರ್, ಬೇಸ್ ಎರಡನ್ನೂ ಅರ್ಧ ಸ್ವರ ಇಳಿಸಿದ್ದೇವೆ. ಆಗ ಗಿಟಾರಿನಲ್ಲಿ ಬೆರಳುಗಳಿಂದ ಎ ಸ್ವರಮೇಳದ ಆಕಾರ ಹಿಡಿದರೆ ಕಪ್ಪು ನಾಲ್ಕು ಬರುತ್ತದೆ, ಮದ್ದಳೆ ಷಡ್ಜದಲ್ಲಿರುತ್ತದೆ. ಡಿ ಆಕಾರಕ್ಕೆ ಹೋದರೆ ಕಪ್ಪು ಒಂದು. ಅದೇ ಮದ್ದಳೆ ಈಗ ಪಂಚಮ. ಇ ಆಕಾರದಲ್ಲಿ ಕಪ್ಪು ಎರಡು, ಮದ್ದಳೆ ಮಧ್ಯಮವಾಗುತ್ತದೆ. ಮದ್ದಳೆ ಬಿಗಿಯುವ ಒಂದು ಬಾರನ್ನೂ ಮುಟ್ಟದೆ ಮೂರು ಶ್ರುತಿ, ಮೂರೂ ಗಿಟಾರಿಗೆ ಅತ್ಯಂತ ಸಲೀಸಾದ ತೆರೆದ ತಂತಿಯ ಆಕಾರಗಳು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಒಂದು ಆಷಾಢದ ರಾತ್ರಿ ಕರೆಂಟ್ ಇಲ್ಲದಾಗ ಕಾಗದದ ಮೇಲೆ ಬರೆದು ಕಂಡುಕೊಂಡದ್ದು. ಶುದ್ಧ ಧನ್ಯಾಸಿ, ಮೋಹನ, ಹಿಂದೋಳ, ಈ ಮೂರು ಐದು ಸ್ವರದ ರಾಗಗಳನ್ನು ಈ ಮೂರು ಜಾಗದಲ್ಲಿ ಹಂಚಿದರೆ ಒಂದೂವರೆ ಗಂಟೆ ಯಾರಿಗೂ ಬೇಸರ ಬರುವುದಿಲ್ಲ.

ಧ್ವನಿಯ ಹೊಂದಾಣಿಕೆಯಲ್ಲಿ ಹೆಚ್ಚು ಹೇಳುವುದಿಲ್ಲ. ಮದ್ದಳೆಗೆ ಎರಡು ಕ್ಲಿಪ್ ಮೈಕ್. ಸುಮಾರು 90 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ, ಆ ಜಾಗವನ್ನು ಕಿಕ್ ಮತ್ತು ಬೇಸ್‌ಗೆ ಬಿಟ್ಟಿದ್ದೇವೆ. ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ನಿಮಗೆ ಸಾಕೆನಿಸುವುದರ ಅರ್ಧಕ್ಕೆ ಇಳಿಸಬೇಕು, 2 ಕಿಲೋ ಹರ್ಟ್ಸ್ ಸುತ್ತ ಸ್ವಲ್ಪ ತಗ್ಗಿಸಬೇಕು. ಇಲ್ಲದಿದ್ದರೆ ಮದ್ದಳೆಯ ಬಲಗೈ ಪೆಟ್ಟಾದ ಛಾಪು ಮುಚ್ಚಿಹೋಗುತ್ತದೆ. ಎಡಗಡೆಯ ಮೈಕನ್ನು ಎಲ್ಲಿ, ಯಾವ ಕೋನದಲ್ಲಿ ಕೂರಿಸುತ್ತೇವೆ ಎಂಬುದು ನಾಲ್ಕು ವರ್ಷದ ಸಂಪಾದನೆ. ಅದನ್ನು ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಮಲೆನಾಡಿನಲ್ಲಿ ವಾದ್ಯ ಇಟ್ಟುಕೊಂಡವರಿಗೆ ದೊಡ್ಡ ಶತ್ರು ತೇವ. ನಮ್ಮ ಮನೆ ಆಗುಂಬೆಯಿಂದ ದೂರವಿಲ್ಲ. ಜುಲೈಯಲ್ಲಿ ಗಿಟಾರ್ ಪೆಟ್ಟಿಗೆಯ ಒಳಬಟ್ಟೆಗೆ ಬೂಸಲು ಬರುತ್ತದೆ, ಸಾಮಾನ್ಯ ತಂತಿಗಳು ಎರಡು ಮೂರು ವಾರಕ್ಕೆ ತುಕ್ಕು ಹಿಡಿಯುತ್ತವೆ. ಲೇಪನವಿರುವ ತಂತಿಗೆ ಮೂರು ಪಟ್ಟು ಬೆಲೆ, ಆದರೂ ಇಡೀ ಮಳೆಗಾಲ ಬರುವುದರಿಂದ ಅದೇ ಅಗ್ಗ. ಸಿಲಿಕಾ ಜೆಲ್ ತಂದೆವು. ಅದನ್ನು ಬಿಸಿ ಮಾಡಿ ಒಣಗಿಸುವ ಕೆಲಸವೇ ಒಂದು ಉದ್ಯೋಗವಾಯಿತು. ಅಡಿಕೆ ಒಣಗಿಸುವ ಅಟ್ಟದಲ್ಲಿ ಇಟ್ಟು ನೋಡಿದಾಗ ಹೊಗೆಯ ವಾಸನೆ ಹಿಡಿಯಿತು, ಒಂದು ಗಿಟಾರಿನಲ್ಲಿ ತಂತಿ ಕಟ್ಟುವ ಸೇತುವೆ (ಬ್ರಿಡ್ಜ್) ಎದ್ದು ಬಂತು. ಕೊನೆಗೆ ಹಳೆಯ ಬಟ್ಟೆ ಕಪಾಟಿನ ತಳದಲ್ಲಿ 40 ವ್ಯಾಟ್‌ನ ತಂತಿ ಬಲ್ಬ್ ಹಾಕಿ, ಮೇಲೆ ವಾದ್ಯ ತೂಗುಹಾಕಿದೆವು. ಒಳಗೆ ಆರ್ದ್ರತೆ ಅರವತ್ತರ ಆಸುಪಾಸು ನಿಲ್ಲುತ್ತದೆ. ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ.

ತಾಲೀಮು ಕೋಣೆಯ ಗೋಡೆಗೆ ಅಡಿಕೆ ಸಿಪ್ಪೆ ತುಂಬಿದ ಗೋಣಿಗಳನ್ನು ಒಟ್ಟಿದ್ದೂ ಇದೇ ಕಾಲದಲ್ಲಿ. ಕೋಣೆಯ ಗುಂಯ್ ಶಬ್ದ ಎಷ್ಟು ಚೆನ್ನಾಗಿ ಕಡಿಮೆಯಾಯಿತೆಂದರೆ, ಶಿವಮೊಗ್ಗದಿಂದ ಬಂದ ರೆಕಾರ್ಡಿಂಗ್ ಗೆಳೆಯನೊಬ್ಬ ಗೋಣಿಯನ್ನು ಬಿಚ್ಚಿ ನೋಡಿದ. ಮಳೆ ಹಿಡಿದ ಮೇಲೆ ಸಿಪ್ಪೆ ತೇವ ಕುಡಿದು ಹುಳು ಬಿದ್ದಿತು, ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ಈಗ ಹಳೆಯ ಹತ್ತಿ ಹಾಸಿಗೆ ಮತ್ತು ಕಂಬಳಿ. ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದ ಸಿಪ್ಪೆಯನ್ನು ಮತ್ತೊಮ್ಮೆ ಪ್ರಯತ್ನಿಸುವ ಆಸೆ ನನಗಿನ್ನೂ ಇದೆ.

ಹೊರಗಿನ ವೇದಿಕೆಯಲ್ಲಿ ಇಬ್ಬನಿ ಇನ್ನೊಂದು ಕಾಟ. ರಾತ್ರಿ ಎಂಟೂವರೆ ದಾಟಿದರೆ ಮದ್ದಳೆಯ ಶ್ರುತಿ ಇಳಿಯಲು ಶುರು. ಎರಡನೆಯ ಮದ್ದಳೆಯನ್ನು ಕಂಬಳಿಯಲ್ಲಿ ಸುತ್ತಿ ಹ್ಯಾಲೊಜೆನ್ ದೀಪದ ಹತ್ತಿರ ಇಟ್ಟಿರುತ್ತೇವೆ, ಹಾಡಿನ ನಡುವೆ ಬದಲಿಸುತ್ತೇವೆ.

ಕರೆಂಟ್ ಬಗ್ಗೆ ಅನುಭವಿಗಳಿಗೆ ಹೇಳಬೇಕಿಲ್ಲ, ಆದರೂ ಒಂದು ಮಾತು. ಹಳ್ಳಿಯ ಲೈನಿನ ತುದಿಯಲ್ಲಿ ಸಂಜೆ 170 ವೋಲ್ಟ್ ಕಂಡಿದ್ದೇವೆ. ಡಿಜಿಟಲ್ ಮಿಕ್ಸರ್ ಹಾಡಿನ ಮಧ್ಯೆ ಆರಿ ಹೊತ್ತಿಕೊಂಡು, ನಾವು ಮೂಕರಾಗಿ ನಿಂತದ್ದೂ ಉಂಟು. ಆ ರಾತ್ರಿ ಮೈಕಿಲ್ಲದೆ ಮದ್ದಳೆ ಮತ್ತು ತಂಗಿಯ ಗಂಟಲು ಎರಡೇ ಸಭೆಯನ್ನು ಹಿಡಿದವು. ಆಮೇಲೆ ವೋಲ್ಟ್ ಏರಿಳಿಯದಂತೆ ಕಾಯುವ 1 ಕೆವಿಎ ಆನ್‌ಲೈನ್ ಯುಪಿಎಸ್ ತಂದು ಮಿಕ್ಸರ್, ಪೆಡಲ್‌ಗಳನ್ನು ಮಾತ್ರ ಅದಕ್ಕೆ ಕೊಟ್ಟೆವು. ಸ್ಪೀಕರ್‌ಗಳು ನೇರ ಲೈನಿಗೆ. ಗುಂಯ್‌ಗುಡುತ್ತದೆ ಎಂದು ಪ್ಲಗ್‌ನ ಅರ್ಥ್ ಪಿನ್ ಕೀಳುವ ಮೈಕ್ ಸೆಟ್‌ನವರನ್ನು ನಾನು ವೇದಿಕೆ ಹತ್ತಲು ಬಿಡುವುದಿಲ್ಲ. ಬೇಸ್ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸುವವಳು ನನ್ನ ತಂಗಿ. ಅರ್ಥ್ ಪರೀಕ್ಷಿಸದೆ ಅವಳು ಹಾಡುವುದಿಲ್ಲ. ಗುಂಯ್ ಶಬ್ದಕ್ಕೆ ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಪೆಟ್ಟಿಗೆಯಲ್ಲೇ ಗುಂಡಿ ಇದೆ.

ಇನ್ನು ಹಣ. ಅಡಿಕೆಗೆ ಒಳ್ಳೆಯ ದರ ಸಿಕ್ಕ ವರ್ಷ ಅಪ್ಪ ಒಂದೂವರೆ ಲಕ್ಷದಷ್ಟು ಕೊಟ್ಟರು. ಉಳಿದದ್ದು ನನ್ನ ಮತ್ತು ತಮ್ಮನ ಉಳಿತಾಯ. ಹಳೆಯ ಡ್ರಮ್ ಸೆಟ್ ನಲವತ್ತೈದು ಸಾವಿರ, ಮಿಕ್ಸರ್ ಅರವತ್ತರ ಮೇಲೆ, ಎರಡು ಸ್ಪೀಕರ್ ತೊಂಬತ್ತು, ಮೈಕು ತಂತಿ ಯುಪಿಎಸ್ ಎಲ್ಲ ಸೇರಿ ಮೂರೂ ಕಾಲು ಲಕ್ಷ ದಾಟಿತು. ಸ್ವಂತ ಸೆಟ್ ಬರುವ ಮೊದಲು ನಮಗೆ ಸಿಗುತ್ತಿದ್ದದ್ದು ಆರೇಳು ಸಾವಿರ, ಬಾಡಿಗೆ ಸೆಟ್‌ಗೆ ಹನ್ನೆರಡು. ಪ್ರತಿ ಕಾರ್ಯಕ್ರಮಕ್ಕೂ ಮನೆಯಿಂದ ಹಾಕಿದೆವು. ಒಂದು ಕಡೆ ಅರ್ಧ ಕೊಟ್ಟು ಉಳಿದದ್ದನ್ನು ನಾಳೆ ಎಂದವರು ಇಂದಿಗೂ ಕೊಟ್ಟಿಲ್ಲ. ಅದರಿಂದ ಕಲಿತು ಈಗ ಮೈಕ್ ಕಟ್ಟುವ ಮೊದಲೇ ಪೂರ್ತಿ ತೆಗೆದುಕೊಳ್ಳುತ್ತೇವೆ.

ಬಂದದ್ದನ್ನು ಐದು ಪಾಲು ಮಾಡುತ್ತೇವೆ. ನಾಲ್ವರಿಗೆ ನಾಲ್ಕು, ಐದನೆಯದು ವಾದ್ಯಗಳಿಗೆ. ಅಪ್ಪನಿಗೂ ಕೊನೆಯವಳಿಗೂ ಒಂದೇ ಪಾಲು. ಐದನೆಯ ಪಾಲು ಅಮ್ಮನ ಲೆಕ್ಕದ ಪುಸ್ತಕದಲ್ಲಿದೆ. ನನಗೆ ಹೊಸ ಗಿಟಾರ್ ಬೇಕಾದರೂ ಅಮ್ಮನ ಮುಂದೆ ಕಾರಣ ಹೇಳಬೇಕು, ಹೇಳಿದ್ದೇನೆ, ಎರಡು ಸಲ ಇಲ್ಲ ಎನ್ನಿಸಿಕೊಂಡಿದ್ದೇನೆ. ತಂಡಗಳು ಒಡೆಯುವುದು ಹಣಕ್ಕೆ. ಈ ಪುಸ್ತಕ ಇರುವುದರಿಂದ ನಮ್ಮಲ್ಲಿ ಆ ಮಾತೇ ಬಂದಿಲ್ಲ.

ಕೇಳುವವರನ್ನು ಎಲ್ಲಿಂದ ತರುವುದು? ಮಲೆನಾಡಿನಲ್ಲಿ ರಾಕ್ ಎಂದು ಬ್ಯಾನರ್ ಕಟ್ಟಿದರೆ ನಲವತ್ತು ಜನ ಬರುತ್ತಾರೆ. ಹಾಗಾಗಿ ಆಟ ಇರುವ ಊರಿನಲ್ಲಿ, ಆಟಕ್ಕೆ ಮುಂಚೆ ನುಡಿಸುವುದನ್ನು ಶುರು ಮಾಡಿದೆವು. ಸಂಜೆ ಆರೂವರೆಗೆ ಆರಂಭ, ಎಂಟಕ್ಕೆ ಮುಕ್ತಾಯ. ಜನ ಚಾಪೆ ಹಾಸಿಕೊಂಡು ಮೊದಲೇ ಕುಳಿತಿರುತ್ತಾರೆ, ಮದ್ದಳೆಯ ಕಿವಿ ಅವರಿಗೆ ಹುಟ್ಟಿನಿಂದಲೇ ಇದೆ. ತ್ರಿಪುಡೆಯ ಬಿಡ್ತಿಗೆ ಡ್ರಮ್ಸ್ ಜೊತೆ ಸಮಕ್ಕೆ ಬಿದ್ದಾಗ ಮೊದಲು ತಲೆದೂಗುವವರು ಎಪ್ಪತ್ತು ದಾಟಿದವರು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ತಲೆನೋವೂ ನಮಗಿಲ್ಲ. ಆಟದ ಮುಂಚೆ ಹದಿನೈದು ಇಪ್ಪತ್ತು ಸಾವಿರಕ್ಕೇ ನುಡಿಸುತ್ತೇವೆ, ಅಲ್ಲಿ ಕೇಳಿದವರೇ ಮದುವೆಯ ಆರತಕ್ಷತೆಗೆ, ಕಾಲೇಜಿಗೆ ಕರೆಯುತ್ತಾರೆ. ಅಲ್ಲಿ ನಲವತ್ತು ಸಾವಿರದ ಆಸುಪಾಸು. ಮೊದಲ ಮೂರು ಹಾಡುಗಳ ಸರದಿ ಯಾವುದು ಎಂದು ಬೇರೆ ತಂಡದವರು ಕೇಳುತ್ತಿರುತ್ತಾರೆ. ಬಂದು ಕೇಳಿದರೆ ತಿಳಿಯುತ್ತದೆ.

ನವೆಂಬರ್‌ನಿಂದ ಜನವರಿಯವರೆಗೆ ಯಾವ ಕಾರ್ಯಕ್ರಮವನ್ನೂ ಒಪ್ಪುವುದಿಲ್ಲ. ಕೊಯ್ಲು, ಸುಲಿತ, ಬೇಯಿಸುವುದು, ಮನೆಮಂದಿಗೆಲ್ಲ ಕೈತುಂಬ ಕೆಲಸ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ಜಾತ್ರೆಯ ಹೊತ್ತಿನಲ್ಲಿ ಕರೆ ಬಂದರೂ ಇಲ್ಲ ಎಂದಿದ್ದೇವೆ. ಅಡಿಕೆ ಸುಲಿದ ಬೆರಳಿನಲ್ಲಿ ಅಪ್ಪನಿಗೆ ಛಾಪು ಬರುವುದಿಲ್ಲ.

ಈ ಮಳೆಗಾಲದ ಕೆಲಸ ಚಂಡೆಯದು. ಚಂಡೆಗೆ ಸಣ್ಣ ಮೈಕ್ ಕಟ್ಟಿ ಅದನ್ನು ಗಿಟಾರಿನ ದನಿ ಒರಟಾಗಿಸುವ ನನ್ನ ಓವರ್‌ಡ್ರೈವ್ ಪೆಡಲ್‌ಗೆ ಕೊಟ್ಟು ನೋಡುತ್ತಿದ್ದೇವೆ. ಸಣ್ಣ ಸದ್ದನ್ನು ತಡೆಯುವ ಗೇಟ್ ಹಾಕದೆ ನುಡಿಸಿದರೆ ಸಿಳ್ಳೆ ಹೊಡೆಯುತ್ತದೆ, ಗೇಟ್ ಬಿಗಿ ಮಾಡಿದರೆ ಉರುಳಿಕೆಯ ಸಣ್ಣ ಪೆಟ್ಟುಗಳು ನುಂಗಿಹೋಗುತ್ತವೆ. ಹಾರ್ಮೋನಿಯಂ ಅದೇ ಪೆಡಲ್‌ನಲ್ಲಿ ಮೊದಲ ದಿನವೇ ಒಲಿಯಿತು, ಅದನ್ನು ಈಗಾಗಲೇ ಒಂದು ಹಾಡಿಗೆ ಸೇರಿಸಿದ್ದೇವೆ. ಚಂಡೆಯನ್ನು ನುಡಿಸುತ್ತಿರುವವನು ತಮ್ಮ, ಕಲಿಸುತ್ತಿರುವವರು ಅಪ್ಪ, ಇಬ್ಬರಿಗೂ ಎಲ್ಲಿ ನಿಲ್ಲಿಸಬೇಕೆಂದು ಸನ್ನೆ ಮಾಡುತ್ತಿರುವವಳು ತಂಗಿ. ಫೆಬ್ರವರಿಯ ಮೊದಲ ಕಾರ್ಯಕ್ರಮಕ್ಕೆ ಅದನ್ನು ವೇದಿಕೆಗೆ ತರುತ್ತೇವೆ.