ಅಮಾವಾಸ್ಯೆಗೆ ಖ್ಮೇರ್ ಮನೆಯಲ್ಲಿ

ಕಾಂಬೋಡಿಯಾದ ಅಂಕೋರ್ ವಾಟ್ ದೇಗುಲದ ಪೂರ್ವ ಮೊಗಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಕೆತ್ತಿರುವ ಸಮುದ್ರಮಥನವನ್ನು ನೋಡಿ ಬಂದ ನಾನು, ವಾಸುಕಿ, ಮಂದರ, ಕೂರ್ಮ ಎಲ್ಲವನ್ನೂ ಗುರುತಿಸಿದ ಹೆಮ್ಮೆಯಲ್ಲಿ, ಹೊರಗೆ ಕಾದಿದ್ದ ತುಕ್‌ತುಕ್ ಚಾಲಕರಿಗೆ ‘ಇದೆಲ್ಲ ನಮ್ಮದೇ’ ಎಂದು ಹೇಳಿದೆ. ಅವರು ನಕ್ಕು, ‘ಅನ್ನ ಉಂಡಿರಾ?’ ಎಂದು ಕೇಳಿದರು. ಅಲ್ಲಿನವರ ಖ್ಮೇರ್ ಭಾಷೆಯಲ್ಲಿ ‘ಞಾಂ ಬಾಯ್’ ಎಂದರೆ ಅನ್ನ ತಿನ್ನುವುದು. ಊಟ ಮಾಡುವುದಕ್ಕೂ ಅದೇ ಮಾತು. ನಮ್ಮ ‘ಊಟ ಆಯ್ತಾ’ದಂತೆ ಅಲ್ಲಿಯೂ ಅದು ಕುಶಲ ವಿಚಾರಿಸುವ ಬಗೆ. ಮೂರು ದಿನ ಅವರ ಗಾಡಿಯಲ್ಲಿ ಸುತ್ತಿದ ಮೇಲೆ, ಬಾಂತಿಯಾಯ್ ಸ್ರೈ ದೇಗುಲದ ಕಡೆಗಿರುವ ತಮ್ಮ ಹಳ್ಳಿಗೆ ಪ್ಚುಂ ಬೆನ್ ಹಬ್ಬಕ್ಕೆ ಬರಬೇಕೆಂದು ಅವರೇ ಕರೆದರು.

ಅದು 2024ರ ಸೆಪ್ಟೆಂಬರ್ ಕೊನೆ. ಪ್ಚುಂ ಬೆನ್ ಗತಿಸಿದವರಿಗೆ ಅನ್ನ ಅರ್ಪಿಸುವ ಹದಿನೈದು ದಿನಗಳ ಆಚರಣೆ. ಅದರ ಕೊನೆಯ ದಿನ ನಮ್ಮ ಮಹಾಲಯ ಅಮಾವಾಸ್ಯೆಯ ಹೊತ್ತಿಗೇ ಬರುತ್ತದೆ. ‘ಬೆನ್’ ಎಂಬ ಮಾತು ‘ಪಿಂಡ’ದಿಂದಲೇ ಬಂದದ್ದು. ಊರಿನಲ್ಲಿದ್ದಿದ್ದರೆ ಅಂದು ಅಪ್ಪನಿಗೆ ಎಡೆ ಇಡುತ್ತಿದ್ದ ನಾನು, ಪ್ರವಾಸದ ಆತುರದಲ್ಲಿ ಅದನ್ನು ತಮ್ಮನ ಹೆಗಲಿಗೆ ಹೊರಿಸಿ ಬಂದಿದ್ದೆ.

ಹೋಗುವ ಮೊದಲು ಎರಡು ಸಂಗತಿ ಕಲಿತುಕೊಂಡೆ. ಮೊದಲನೆಯದು ಸಂಬಂಧವಾಚಕಗಳು: ತನಗಿಂತ ಹಿರಿಯರಾದ ಅಣ್ಣ ಅಕ್ಕಂದಿರಿಗೆ ‘ಬಾಂಗ್’, ಅಜ್ಜಿಗೆ ‘ಯಾಯ್’, ಅಜ್ಜನಿಗೆ ‘ತಾ’. ಅಪರಿಚಿತರನ್ನೂ ಹೀಗೆಯೇ ಕರೆಯುವುದರಿಂದ, ಹೆಸರು ಗೊತ್ತಿಲ್ಲದಿದ್ದರೂ ಮಾತು ನಿಲ್ಲುವುದಿಲ್ಲ. ಎರಡನೆಯದು ನನ್ನ ಸಸ್ಯಾಹಾರ. ‘ಮಾಂಸ ಬೇಡ’ ಎಂದರೆ ಅದರಲ್ಲಿ ಮೀನು ಸೇರುವುದಿಲ್ಲವಾದ್ದರಿಂದ ಮೀನೂ ಬೇಡವೆಂದು ಬೇರೆಯಾಗಿ ಹೇಳಬೇಕು. ಹಾಗೆ ಹೇಳಿದರೂ ಸೊಪ್ಪಿನ ಪಲ್ಯದಲ್ಲಿ ಮೀನಿನ ರಸ ಇರಬಹುದು. ಕೊನೆಯ ಗಳಿಗೆಯಲ್ಲಿ ಊಟ ನಿರಾಕರಿಸುವುದಕ್ಕಿಂತ ಎರಡು ದಿನ ಮುಂಚೆ ತಿಳಿಸುವುದೇ ಮರ್ಯಾದೆ ಎಂದು ನನಗನ್ನಿಸಿತು.

ಕಂಬಗಳ ಮೇಲೆ ಎತ್ತರದಲ್ಲಿ ನಿಂತ ಮರದ ಮನೆ ಅದು. ಅದರ ಕೆಳಗಿನ ನೆರಳಿನಲ್ಲಿ ಬಿದಿರಿನ ದಬ್ಬೆಗಳ ಮಂಚವಿತ್ತು. ಚಾಲಕರ ತಾಯಿ, ಆ ಮನೆಯ ಅಜ್ಜಿ, ತಮ್ಮ ಚೌಕುಳಿಯ ಕ್ರಾಮಾ ವಸ್ತ್ರದಿಂದ ಅದನ್ನು ಒರೆಸಿ, ಅಂಗೈಯಿಂದ ತಟ್ಟಿ, ಕೂರಲು ಹೇಳಿದರು. ಬಾಳೆಹಣ್ಣನ್ನು ಅಂಟಕ್ಕಿಯಲ್ಲಿ ಹುದುಗಿಸಿ, ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ‘ಅನ್ಸಾಮ್ ಚೇಕ್’ ಎಂಬ ಕಡುಬನ್ನು ನನಗಾಗಿಯೇ ಬೇರೆ ಪಾತ್ರೆಯಲ್ಲಿ ಮಾಡಿದ್ದರು. ಹಬ್ಬದ ಇನ್ನೊಂದು ಬಗೆಯ ಅನ್ಸಾಮ್‌ನಲ್ಲಿ ಹಂದಿಮಾಂಸ ಇರುತ್ತದೆಯಾದ್ದರಿಂದ, ಗುರುತು ತಪ್ಪದಿರಲೆಂದು ನನ್ನವಕ್ಕೆ ಕೆಂಪು ದಾರ ಸುತ್ತಿದ್ದರು. ನಾನು ನಾಲ್ಕನೆಯದನ್ನು ಬೇಡವೆಂದಾಗ ಅಜ್ಜಿ ಮುಖ ಚಿಕ್ಕದು ಮಾಡಿಕೊಂಡರು. 1975ರಿಂದ 1979ರವರೆಗೆ ದೇಶವನ್ನು ಆಳಿದ ಖ್ಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಸಾಮೂಹಿಕ ಊಟದ ಮನೆಗಳಲ್ಲಿ ನೀರು ಗಂಜಿ ಕುಡಿದು ಬದುಕಿದವರು ಅವರು ಎಂದು ಚಾಲಕರು ಆಮೇಲೆ ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದರು. ಅದರ ಬಗ್ಗೆ ನಾನು ಏನನ್ನೂ ಕೇಳಲಿಲ್ಲ. ನಾಲ್ಕನೆಯದನ್ನು ತಿಂದೆ.

ಅಮಾವಾಸ್ಯೆಯ ಹಿಂದಿನ ದಿನ, ಬೆಳಗಿನ ಜಾವ ನಾಲ್ಕಕ್ಕೆ, ಎಲ್ಲರೂ ಊರಿನ ವಿಹಾರಕ್ಕೆ ಹೋದೆವು. ಕಟ್ಟಡವನ್ನು ಮೂರು ಸುತ್ತು ಬರುತ್ತ, ಅಂಟಕ್ಕಿಯ ಉಂಡೆಗಳನ್ನು ಕತ್ತಲಿನಲ್ಲಿ ನೆಲಕ್ಕೆ ಎಸೆಯಬೇಕು. ಸೂಜಿಯ ತೂತಿನಷ್ಟೇ ಬಾಯಿರುವ, ಬೆಳಕಿಗೆ ಅಂಜುವ ಪ್ರೇತಗಳು ಅವನ್ನು ತಿನ್ನುತ್ತವೆ ಎಂಬುದು ನಂಬಿಕೆ. ಅವರೂ ಅವನ್ನು ‘ಪ್ರೇತ್’ ಎಂದೇ ಕರೆಯುತ್ತಾರೆ. ನನ್ನ ಅಂಗೈಗೆ ಬಂದ ಉಂಡೆಯಲ್ಲಿ ಎಳ್ಳು ಇತ್ತು. ‘ನಮ್ಮದೇ’ ಎಂಬ ಮಾತು ಮತ್ತೆ ನಾಲಿಗೆಯ ತುದಿಗೆ ಬಂತು. ಆದರೆ ಪಕ್ಕದಲ್ಲಿ ಆ ಮನೆಯ ಎಂಟು ವರ್ಷದ ಹುಡುಗಿ, ಪುರೋಹಿತರಿಲ್ಲದೆ, ಮಡಿಯಿಲ್ಲದೆ, ಯಾರ ಹೆಸರನ್ನೂ ಹೇಳದೆ, ಕೇಳುವವರಿಲ್ಲದ ಪ್ರೇತಗಳಿಗೂ ಸೇರಲೆಂದು ಕೈತುಂಬ ಉಂಡೆ ಹಿಡಿದು ಎಸೆಯುತ್ತಿದ್ದಳು. ಅದು ನನ್ನ ಮನೆಯ ಪದ್ಧತಿಯಾಗಿರಲಿಲ್ಲ.

ತಪ್ಪುಗಳನ್ನೂ ಮಾಡಿದೆ. ಕೈಮುಗಿಯುವ ‘ಸಂಪೆಯಾ’ದಲ್ಲಿ ಐದು ಹಂತಗಳಿವೆ: ಸಮಾನರಿಗೆ ಎದೆಯ ಮಟ್ಟ, ಹಿರಿಯರಿಗೆ ಬಾಯಿ, ತಂದೆತಾಯಿ ಮತ್ತು ಗುರುಗಳಿಗೆ ಮೂಗು, ಭಿಕ್ಷುಗಳಿಗೂ ದೊರೆಗೂ ಹುಬ್ಬು, ದೇವರಿಗೆ ಹಣೆ. ನಾನು ಹಿರಿಯ ಭಿಕ್ಷುವಿಗೆ ಎದೆಯ ಮಟ್ಟದಲ್ಲಿಯೇ ಮುಗಿದಾಗ, ಹಿಂದಿನಿಂದ ಅಜ್ಜಿ ನನ್ನ ಮಣಿಕಟ್ಟುಗಳನ್ನು ಹಿಡಿದು ಹುಬ್ಬಿನವರೆಗೆ ಎತ್ತಿದರು. ಹೊರಡುವಾಗ ಐವತ್ತು ಡಾಲರನ್ನು ಒಂದೇ ಕೈಯಲ್ಲಿ ಅವರತ್ತ ಚಾಚಿದ್ದು ಇನ್ನೂ ದೊಡ್ಡ ತಪ್ಪು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೇರವಾಗಿ ವಿಹಾರದ ಹುಂಡಿಯವರ ಬಳಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಧ್ವನಿವರ್ಧಕದಲ್ಲಿ ನನ್ನ ಹೆಸರು, ಮೊತ್ತದ ಸಮೇತ, ಊರಿಗೆಲ್ಲ ಕೇಳಿಸಿತು. ಊಟಕ್ಕೆ ಬೆಲೆ ಕಟ್ಟಲು ಹೊರಟವನಿಗೆ ಅವರು ಪುಣ್ಯ ಕಟ್ಟಿಕೊಟ್ಟಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ, ಅಕ್ಟೋಬರ್ 2ರಂದು, ಪ್ರತಿ ಮನೆಯವರೂ ಗತಿಸಿದವರ ಹೆಸರಿನ ಚೀಟಿಯನ್ನು ಭಿಕ್ಷುಗಳಿಗೆ ಕೊಡುತ್ತಿದ್ದರು. ಚಾಲಕರು ತಮ್ಮ ಚೀಟಿಯನ್ನು ಬರೆದು ಮುಗಿಸಿ, ಪೆನ್ನನ್ನು ಎತ್ತದೆ, ‘ನಿಮ್ಮ ತಂದೆಯ ಹೆಸರೇನು?’ ಎಂದರು. ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡು, ಗುಂಡುಗುಂಡಾದ ಖ್ಮೇರ್ ಅಕ್ಷರಗಳಲ್ಲಿ ಕೊನೆಯ ಸಾಲಾಗಿ ಬರೆದರು. ಪಾಳಿ ಭಾಷೆಯ ಪಠಣದ ನಡುವೆ ತರುಣ ಭಿಕ್ಷುವೊಬ್ಬರು ಆ ಪಟ್ಟಿಯನ್ನು ಓದುತ್ತ ಬಂದು, ಕೊನೆಯ ಹೆಸರಿನಲ್ಲಿ ಒಂದು ಕ್ಷಣ ತಡವರಿಸಿ, ತಲೆಯೆತ್ತಿ ನನ್ನತ್ತ ನೋಡಿ, ಮತ್ತೊಮ್ಮೆ ಸರಿಯಾಗಿ ಉಚ್ಚರಿಸಿದರು.